ಲೋ ಬೆಡ್ ಹೊರಡುವ ಮುನ್ನ ಒಂದಿಷ್ಟು ಕಿವಿಮಾತು

ಹಿಟಾಚಿಯೋ, ಜೆಸಿಬಿಯೋ, ರೋಲರೋ, ಲೋ ಬೆಡ್ ಟ್ರೇಲರಿನಲ್ಲಿ ಒಂದು ಸೈಟಿನಿಂದ ಇನ್ನೊಂದು ಸೈಟಿಗೆ ಮಷೀನ್ ಸಾಗಿಸುವ ಕೆಲಸ ಹಿಡಿದ ಹುಡುಗರಿಗೆ ಹೇಳುತ್ತಿದ್ದೇನೆ, ಸ್ವಲ್ಪ ಕೂತು ಕೇಳಿ. ನಿಮಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಅವಸರದಲ್ಲಿ ಮರೆಯುತ್ತೀರಿ. ಕಂಟ್ರಾಕ್ಟರ್ ಫೋನಿನ ಮೇಲೆ ಫೋನ್ ಮಾಡುತ್ತಿರುತ್ತಾನೆ, ಹೊತ್ತು ಮುಳುಗುತ್ತಿರುತ್ತದೆ, "ಹೋದ ಸಲ ಹೋಗಿತ್ತಲ್ಲ, ಈಗಲೂ ಹೋಗುತ್ತೆ ಬಿಡು" ಅಂದುಕೊಂಡು ಹೊರಟೇಬಿಡುತ್ತೀರಿ.

ನಮ್ಮ ಮನೆಯ ಟ್ರೇಲರ್‌ಗಳ ಲೆಕ್ಕದ ಪುಸ್ತಕ ವರ್ಷಗಳಿಂದ ನನ್ನ ಕೈಯಲ್ಲಿದೆ. ಡೀಸೆಲ್ ಚೀಟಿ, ಟೈರಿನ ಬಿಲ್ಲು, ವೇಬ್ರಿಡ್ಜ್ ರಸೀತಿ ಎಲ್ಲವನ್ನೂ ಬರೆದಿಟ್ಟವಳು ನಾನೇ. ಆ ಪುಸ್ತಕ ಕಲಿಸಿದ್ದು ಇಷ್ಟು: ಗಾಡಿಗೆ ಮಿತಿ ಒಂದಿರುವುದಿಲ್ಲ, ನಾಲ್ಕಿರುತ್ತವೆ. ಆರ್‌ಸಿಯ ಮಿತಿ, ಆಕ್ಸಲಿನ ಮಿತಿ, ಟೈರಿನ ಮಿತಿ, ಟ್ರೇಲರ್ ಮಾಡಿದವರು ಹಾಕಿದ ಮಿತಿ. ಈ ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅಷ್ಟನ್ನೇ ಹೊರಬೇಕು. ಇಷ್ಟು ನೆನಪಿಟ್ಟು ಮುಂದೆ ಓದಿ.

ಮೊದಲು ತೂಕದ ಲೆಕ್ಕ

• ಆರ್‌ಸಿ ತೆಗೆದು ಓದಿ. ಖಾಲಿ ಗಾಡಿಯ ತೂಕ ಒಂದು ಕಡೆ, ಲೋಡ್ ಸಮೇತದ ತೂಕ ಇನ್ನೊಂದು ಕಡೆ ಇರುತ್ತದೆ. ಎರಡರ ನಡುವಿನ ಅಂತರವೇ ನಿಮಗೆ ಸಿಗುವ ಜಾಗ. ಮಷೀನ್, ಸರಪಳಿ, ಹಲಗೆ, ಜಾಕ್, ಕ್ಲೀನರ್ ಎಲ್ಲರೂ ಅದರೊಳಗೇ ಬರಬೇಕು.

• ಟ್ರೇಲರನ್ನು ಎಳೆಯುವ ಮುಂದಿನ ಗಾಡಿಗೆ, ಅಂದರೆ ಹಾರ್ಸಿಗೆ, ಒಂದು ಆರ್‌ಸಿ, ಟ್ರೇಲರಿಗೊಂದು ಆರ್‌ಸಿ ಇರುತ್ತದೆ. ಎರಡನ್ನೂ ನೋಡಿ. ಹಾರ್ಸ್ ಎಷ್ಟು ಎಳೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಟ್ರೇಲರ್ ಎಷ್ಟು ಹೊರುತ್ತದೆ ಅಂತ ಕೇಳಲು ಮರೆಯುತ್ತಾರೆ. ಮುರಿಯುವುದು ಹೊರುವುದೇ ಹೊರತು ಎಳೆಯುವುದಲ್ಲ.

• ಮಷೀನಿನ ತೂಕವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಪ್ಲೇಟು ನೋಡಿ. "ಟ್ವೆಂಟಿ ಟನ್ ಹಿಟಾಚಿ" ಅನ್ನುವುದು ವರ್ಗದ ಹೆಸರು. ಅದೇ ವರ್ಗದಲ್ಲಿ ಒಂದು ಮಷೀನ್ 20 ಟನ್ ಇದ್ದರೆ ಇನ್ನೊಂದು 21, 22 ಮುಟ್ಟುತ್ತದೆ. ನಮ್ಮೂರಿನ ಗಲ್ಲಿಗಲ್ಲಿಯಲ್ಲಿ ಓಡಾಡುವ ಜೆಸಿಬಿಯೇ ಏಳೂವರೆ ಟನ್ ಆಸುಪಾಸು ತೂಗುತ್ತದೆ.

• ಕಂಪನಿಯ ಪುಸ್ತಕದಲ್ಲಿರುವ ತೂಕಕ್ಕೆ ಮಾಮೂಲಿ ಬಕೆಟ್ ಮಾತ್ರ ಸೇರಿರುತ್ತದೆ. ಕಲ್ಲು ಒಡೆಯುವ ಬ್ರೇಕರ್ ಇದ್ದರೆ ಅದನ್ನು ಬೇರೆ ಕೂಡಿಸಿ. 20 ಟನ್ ವರ್ಗದ ಮಷೀನಿಗೆ ಹಾಕುವ ಬ್ರೇಕರ್ ಒಂದೇ ಒಂದೂವರೆ ಟನ್ ಆಚೀಚೆ ಬರುತ್ತದೆ. ಬ್ರೇಕರ್ ಕೈಗೆ ಹಾಕಿ, ಬಕೆಟ್ಟನ್ನು ಟ್ರೇಲರಿನ ಮೂಲೆಗೆ ತಳ್ಳಿ "ಅದೇ ಮಷೀನ್ ತಾನೇ" ಅನ್ನಬೇಡಿ.

• ದೂರದ ಸಾಗಣೆಯಿದ್ದರೆ ಮಷೀನಿನ ಟ್ಯಾಂಕನ್ನು ತುಂಬಿಸಬೇಡಿ, ಹೊಸ ಸೈಟಿಗೆ ಹೋದ ಮೇಲೆ ತುಂಬಿಸಿ. 400 ಲೀಟರ್ ಡೀಸೆಲ್ ಅಂದರೆ 330 ಕೆ.ಜಿ. ಮೇಲಾಯಿತು. ಅಷ್ಟು ತೂಕವನ್ನು ಸುಮ್ಮನೆ ಊರೂರು ಸುತ್ತಿಸುವುದು ಯಾಕೆ?

• ಚೈನಿನ ಸಂದಿಯ ಮಣ್ಣು ಕೆರೆದು ಹತ್ತಿಸಿ. ಕೆರೆ ಹೂಳೆತ್ತಿ ಬಂದ ಮಷೀನನ್ನು ಒಮ್ಮೆ ಬಗ್ಗಿ ನೋಡಿ. ರೋಲರುಗಳ ನಡುವೆ, ಅಡಿಯ ಪ್ಲೇಟಿನ ಮೇಲೆ, ಮೆಟ್ಟಿಲ ಹಿಂದೆ ಎಲ್ಲಾ ಕಡೆ ಜೇಡಿಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಒದ್ದೆ ಮಣ್ಣು ಕಬ್ಬಿಣಕ್ಕೆ ಅಂಟಿಕೊಂಡರೆ ಕ್ವಿಂಟಾಲುಗಟ್ಟಲೆ ತೂಗುತ್ತದೆ. ಹಾರೆ ಹಿಡಿದು ಅರ್ಧ ಗಂಟೆ ಕೆರೆದರೆ ತೂಕವೂ ಇಳಿಯುತ್ತದೆ, ದಾರಿಯಲ್ಲಿ ಹೆಂಟೆ ಉದುರಿ ಹಿಂದೆ ಬರುವ ಬೈಕಿನವರು ಜಾರುವುದೂ ತಪ್ಪುತ್ತದೆ.

• ಖಾಲಿ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ, ಆ ಚೀಟಿಯನ್ನು ಜೋಪಾನ ಮಾಡಿ. ಮೇಲೆ ವೆಲ್ಡಿಂಗ್ ಮಾಡಿಸಿದ ತಗಡು, ಹೊಸ ರ‍್ಯಾಂಪು, ಟೂಲ್ ಪೆಟ್ಟಿಗೆ ಇವೆಲ್ಲ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ವರ್ಷ ಕಳೆದಂತೆ ಖಾಲಿ ಗಾಡಿಯೂ ಮೈ ಬೆಳೆಸಿಕೊಳ್ಳುತ್ತದೆ.

• ಮಷೀನ್ ಹತ್ತಿಸಿದ ಮೇಲೆ ಇನ್ನೊಮ್ಮೆ ತೂಗಿಸಿ, ಅದೂ ಭಾಗಭಾಗವಾಗಿ. ಮೊದಲು ಹಾರ್ಸಿನ ಮುಂದಿನ ಗಾಲಿ ಮಾತ್ರ, ಆಮೇಲೆ ಪೂರ್ತಿ ಹಾರ್ಸ್, ಕೊನೆಗೆ ಟ್ರೇಲರಿನ ಆಕ್ಸಲುಗಳು ಮಾತ್ರ. ಒಟ್ಟು ತೂಕ ಸರಿಯಿದ್ದೂ ಒಂದು ಆಕ್ಸಲ್ ಮಿತಿ ಮೀರಿರುವುದು ತೀರಾ ಸಾಮಾನ್ಯ. ವೇಬ್ರಿಡ್ಜಿನವನಿಗೆ ಬೇಜಾರಾದರೆ ಒಂದು ಟೀ ಕುಡಿಸಿ.

• ಸರ್ಕಾರದ ಅಂಕೆಗಳನ್ನು ಬಾಯಿಪಾಠ ಮಾಡಿ. 2018ರ ಜುಲೈನಲ್ಲಿ ಆಕ್ಸಲ್ ತೂಕ ಹೆಚ್ಚಿಸಿದರು. ಹಾರ್ಸಿನ ಮುಂದಿನ ಆಕ್ಸಲಿಗೆ 7 ಟನ್, ನಾಲ್ಕು ಟೈರಿನ ಒಂಟಿ ಆಕ್ಸಲಿಗೆ 11.5, ಜೋಡಿ ಆಕ್ಸಲಿಗೆ 21, ಮೂರು ಆಕ್ಸಲಿನ ಗುಂಪಿಗೆ 27. ಆರು ಆಕ್ಸಲಿನ ಗಾಡಿಗೆ 7, 21, 27 ಕೂಡಿ 55 ಟನ್ ಆಯಿತು. ಅದಕ್ಕೆ ಮುಂಚೆ ಇದ್ದದ್ದು 49.

• 55 ಅಂದ ಕೂಡಲೇ ಹಿಗ್ಗಬೇಡಿ. ಅದರಲ್ಲಿ ಹಾರ್ಸಿನ ತೂಕ ಕಳೆಯಿರಿ, ಟ್ರೇಲರಿನ ತೂಕ ಕಳೆಯಿರಿ, ಉಳಿದದ್ದು ನಿಮ್ಮದು. ಗಾಡಿ ಹಳೆಯದಿದ್ದರೆ ನಿಮ್ಮ ಆರ್‌ಸಿಯಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಪೇಪರಿನಲ್ಲಿ ಓದಿದ್ದು ಆರ್‌ಟಿಒ ಮುಂದೆ ನಡೆಯುವುದಿಲ್ಲ.

• ಸ್ಪ್ರಿಂಗಿಗೆ ಪಟ್ಟಾ ಹೆಚ್ಚು ಹಾಕಿಸಿದರೆ ಗಾಡಿ ಹೆಚ್ಚು ಹೊರುತ್ತದೆ ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಗಾಡಿ ಕೂರುವುದಿಲ್ಲ, ಅಷ್ಟೇ. ಆಕ್ಸಲ್, ಬ್ರೇಕು, ಟೈರು ಮೊದಲಿನವೇ ಇರುತ್ತವೆ. ಕಣ್ಣಿಗೆ ಭಾರ ಕಾಣದೆ ಹೋಗುವುದು ಇನ್ನೂ ಅಪಾಯ.

• ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಿನಿ ಹಿಟಾಚಿಯನ್ನು ಸಣ್ಣ ಟಿಪ್ಪರಿನಲ್ಲಿ ಹಾಕಿಕೊಂಡು ತೋಟದಿಂದ ತೋಟಕ್ಕೆ ಓಡಿಸುತ್ತೀರಲ್ಲ, ನಿಮಗೂ ಇದೇ ಮಾತು. "ಮಿನಿ" ಅಂದರೂ ಮೂರು ಟನ್, ಐದು ಟನ್ ಇರುತ್ತದೆ. ಟಿಪ್ಪರಿನ ಆರ್‌ಸಿ ಎರಡೂವರೆ ಟನ್ ಹೊರು ಅಂದಿದ್ದರೆ ಮೂರು ಟನ್ನಿನ ಮಷೀನ್ ಅದರದ್ದಲ್ಲ. ಹತ್ತಿಸಲು ಜಾಗ ಸಿಕ್ಕಿತು ಅಂದಮಾತ್ರಕ್ಕೆ ಹೊರುವ ಶಕ್ತಿ ಬರುವುದಿಲ್ಲ.

ಟೈರಿನ ಮೈಮೇಲೆ ಬರೆದದ್ದನ್ನು ಓದಿ

• ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಸೈಜಿನ ಪಕ್ಕದಲ್ಲಿ 146/143 ಅನ್ನುವಂಥ ಅಂಕೆ, ಅದರ ಮುಂದೆ ಕೆ ಅಥವಾ ಜೆ ಅನ್ನುವ ಅಕ್ಷರ ಕಾಣುತ್ತದೆ. ಮೊದಲನೇ ಅಂಕೆ ಟೈರ್ ಒಂಟಿಯಾಗಿದ್ದಾಗ, ಎರಡನೆಯದು ಜೋಡಿಯಲ್ಲಿದ್ದಾಗ ಹೊರುವ ಶಕ್ತಿ ಹೇಳುತ್ತದೆ. ಕೆ ಅಂದರೆ ಗಂಟೆಗೆ 110 ಕಿ.ಮೀ., ಜೆ ಅಂದರೆ 100. ಅದಕ್ಕಿಂತ ಜೋರಾಗಿ ಆ ಭಾರ ಹೊರಬಾರದು ಅಂತ ಅರ್ಥ.

• ಈ ನಾಲ್ಕು ಅಂಕೆ ಬರೆದಿಟ್ಟುಕೊಳ್ಳಿ: 143 ಅಂದರೆ 2,725 ಕೆ.ಜಿ., 146 ಅಂದರೆ 3,000, 149 ಅಂದರೆ 3,250, 152 ಅಂದರೆ 3,550. ಡ್ರೈವರ್ ಸೀಟಿನ ಮೇಲಿನ ತಗಡಿಗೆ ಪೇಂಟಿನಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು, ಕಾಗದವಾದರೆ ಕಳೆಯುತ್ತೀರಿ.

• ಈಗ ಗುಣಿಸಿ ನೋಡಿ. 146/143ರ ಟೈರು ನಾಲ್ಕನ್ನು ಒಂಟಿ ಆಕ್ಸಲಿಗೆ ಹಾಕಿದ್ದೀರಿ ಅನ್ನಿ. 2,725 ಕೆ.ಜಿ.ಯನ್ನು ನಾಲ್ಕರಿಂದ ಗುಣಿಸಿದರೆ 10,900 ಕೆ.ಜಿ. ಕಾನೂನು 11.5 ಟನ್ ಹೊರು ಅನ್ನುತ್ತದೆ, ಟೈರು 10.9ಕ್ಕೇ ಸಾಕು ಅನ್ನುತ್ತದೆ. ಇಂಥ ಕಡೆ ಟೈರಿನ ಮಾತನ್ನೇ ಕೇಳಿ. ದಂಡ ಬೀಳದಿದ್ದರೂ ಟೈರು ಸಿಡಿಯಬಹುದು.

• ಮುಂದಿನ ಗಾಲಿಗೆ ಇನ್ನೂ ಎಚ್ಚರ ಬೇಕು. 146ರ ಎರಡು ಟೈರು ಸೇರಿ ಹೊರುವುದು 6 ಟನ್ ಮಾತ್ರ, ಅದು ಹಳೆಯ ಮಿತಿ. 7 ಟನ್ ಮಿತಿಯ ಮುಂದಿನ ಆಕ್ಸಲಿಗೆ 152ರ ಟೈರೇ ಬೇಕು. ಅಂಗಡಿಯವನು "ಇದೂ ಅದೇ ಸೈಜು" ಅಂದರೆ ಒಪ್ಪಬೇಡಿ. ಮುಂದಿನ ಟೈರು ಹೋದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

• ಟ್ರೇಲರಿನ ಮೂರು ಆಕ್ಸಲಿಗೆ ಹನ್ನೆರಡು ಟೈರಿದ್ದರೆ 27 ಟನ್ನಿಗೆ ಒಂದೊಂದರ ಪಾಲು 2,250 ಕೆ.ಜಿ. ಆರಾಮಾಗಿದೆಯಲ್ಲ ಅನ್ನಿಸುತ್ತದೆ. ಹಳ್ಳದ ರಸ್ತೆಯಲ್ಲಿ ಒಂದು ಆಕ್ಸಲ್ ಗುಂಡಿಗಿಳಿದಾಗ ಉಳಿದೆರಡು ಅದರ ಭಾರ ಹೊರುತ್ತವೆ. ಆ ಆರಾಮ ಇರುವುದು ಆ ಹೊತ್ತಿಗೆ, ಅದನ್ನು ಲೋಡಿನಲ್ಲಿ ಖರ್ಚು ಮಾಡಬೇಡಿ.

• ಹನ್ನೆರಡು ಟೈರಿನಲ್ಲಿ ಹನ್ನೊಂದು ಗಟ್ಟಿ, ಒಂದು ಲಡ್ಡು ಇದ್ದರೆ ಆ ಒಂದನ್ನು ಹಿಡಿದೇ ಲೆಕ್ಕ ಹಾಕಿ. "ಒಂದೇ ತಾನೇ, ಮಧ್ಯದ ಆಕ್ಸಲಿನ ಒಳಗೆ ಹಾಕು" ಅನ್ನುವವರು ಇದ್ದಾರೆ. ಒಳಗಿನ ಟೈರಿಗೆ ಗಾಳಿ ಬೀಸುವುದಿಲ್ಲ, ಬಿಸಿ ಹೆಚ್ಚು, ಕಣ್ಣಿಗೂ ಬೀಳುವುದಿಲ್ಲ. ಸಿಡಿಯುವುದೂ ಅದೇ ಮೊದಲು.

• ಟೈರು ಹುಟ್ಟಿದ ದಿನ ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕೆ ಒತ್ತಿರುತ್ತದೆ. 2319 ಅಂದರೆ 2019ರ 23ನೇ ವಾರ. ಟ್ರೇಲರ್ ಟೈರುಗಳು ಓಡುವುದಕ್ಕಿಂತ ಸೈಟಿನಲ್ಲಿ ಬಿಸಿಲಿಗೆ ನಿಲ್ಲುವುದೇ ಹೆಚ್ಚು. ಬಟನ್, ಅಂದರೆ ನೆಲ ಹಿಡಿಯುವ ಕಚ್ಚು, ಚೆನ್ನಾಗಿದ್ದರೂ ರಬ್ಬರ್ ಒಣಗಿ ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಬಂದಿರುತ್ತದೆ. ಅಂಥದ್ದನ್ನು ಭಾರಕ್ಕೆ ಬಳಸಬೇಡಿ.

• ಬಟನ್ ಸಂದಿಯಲ್ಲಿ ಅಡ್ಡಡ್ಡ ಸಣ್ಣ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಕ್ಕೆ ಸಮವಾದರೆ ಉಳಿದದ್ದು 1.6 ಮಿ.ಮೀ. ಎಂದರ್ಥ. ಅಲ್ಲಿಗೆ ಅದರ ಋಣ ಮುಗಿಯಿತು. ಮಳೆಗಾಲ ಹತ್ತಿರವಿದ್ದರೆ ಅದಕ್ಕೂ ಮೊದಲೇ ಬದಲಿಸಿ.

• ರೀಟ್ರೆಡ್ ಮಾಡಿಸಿ, ಬೇಡ ಅನ್ನುವುದಿಲ್ಲ, ದುಡ್ಡು ಉಳಿಯುತ್ತದೆ. ಆದರೆ ಮುಂದಿನ ಗಾಲಿಗೆ ಹಾಕಬೇಡಿ. ಪಕ್ಕೆಯಲ್ಲಿ ತೇಪೆ ಬಿದ್ದ ಟೈರನ್ನು ರೀಟ್ರೆಡ್‌ಗೂ ಕೊಡಬೇಡಿ. ಮೇಲಿನ ರಬ್ಬರ್ ಹೊಸದಾದರೂ ಒಳಗಿನ ನೂಲು ಹಳೆಯದೇ.

• ನೈಲಾನ್ ಟೈರು, ರೇಡಿಯಲ್ ಟೈರು ಎರಡನ್ನೂ ಒಂದೇ ಆಕ್ಸಲಿಗೆ ಹಾಕಬೇಡಿ. ಭಾರ ಬಿದ್ದಾಗ ಒಂದು ಹೆಚ್ಚು ಬಾಗುತ್ತದೆ, ಇನ್ನೊಂದು ಕಡಿಮೆ. ಕಡಿಮೆ ಬಾಗುವುದರ ಮೇಲೆ ಹೊರೆ ಹೆಚ್ಚು. ಮೂಲೆಯಲ್ಲಿ ಬಿದ್ದಿರುವ ಹಳೆಯ ನೈಲಾನ್ ಟೈರು ದಂಡವಾಗಬಾರದು ಅಂತ ತಂದು ಜೋಡಿಸುತ್ತೀರಿ, ಆಮೇಲೆ ಒಳ್ಳೆಯ ರೇಡಿಯಲ್ಲೂ ಕೆಡುತ್ತದೆ.

ಗಾಳಿಯ ವಿಚಾರ

• ಟೈರ್ ಹೊರುವುದಿಲ್ಲ, ಒಳಗಿನ ಗಾಳಿ ಹೊರುತ್ತದೆ. ಪಕ್ಕೆಯಲ್ಲಿ ಬರೆದ ಭಾರವೆಲ್ಲ ಪೂರ್ತಿ ಗಾಳಿ ಇದ್ದಾಗಿನ ಮಾತು. ಗಾಳಿ ಇಳಿದರೆ ಶಕ್ತಿಯೂ ಇಳಿಯಿತು.

• ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ಗಾಳಿ ನೋಡಿ. ನಿಂತು ಮೂರು ಗಂಟೆಯಾದರೂ ಆಗಿರಬೇಕು. ಓಡಿ ಬಂದ ಟೈರಿನಲ್ಲಿ ಹತ್ತು ಹದಿನೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ.

• ಬಿಸಿ ಟೈರಿನಲ್ಲಿ ಹೆಚ್ಚು ತೋರಿಸಿತು ಅಂತ ಗಾಳಿ ಬಿಡಬೇಡಿ. ತಣ್ಣಗಾದ ಮೇಲೆ ಕಡಿಮೆಯಾಗಿರುತ್ತದೆ, ಮಾರನೇ ದಿನ ಅದೇ ಕಡಿಮೆ ಗಾಳಿಯಲ್ಲಿ ಓಡಿಸುತ್ತೀರಿ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಈ ತಪ್ಪು ಬಹಳ ನಡೆಯುತ್ತದೆ.

• ರಾಡಿನಲ್ಲಿ ಬಡಿದು ಸದ್ದು ಕೇಳಿದರೆ ಸಾಲದು. ಪೂರ್ತಿ ಇಳಿದ ಟೈರು ಸದ್ದಿನಲ್ಲಿ ಸಿಗುತ್ತದೆ, ಕಾಲು ಭಾಗ ಇಳಿದದ್ದು ಸಿಗುವುದಿಲ್ಲ. ಒಂದು ಒಳ್ಳೆಯ ಗೇಜ್ ಕೊಳ್ಳಿ. ಅದರ ಬೆಲೆ ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ.

• 110 ಪಿಎಸ್‌ಐ ಇರಬೇಕಾದ ಕಡೆ 88ಕ್ಕಿಂತ ಕಡಿಮೆ ತೋರಿಸಿದರೆ ಅದನ್ನು ಪಂಚರ್ ಅಂತಲೇ ತಿಳಿಯಿರಿ. ನೂರಕ್ಕೆ ಇಪ್ಪತ್ತು ಇಳಿದ ಟೈರು ಭಾರದಲ್ಲಿ ಓಡಿದ್ದರೆ ಒಳಗೆ ಬೆಂದಿರುತ್ತದೆ. ಗಾಳಿ ತುಂಬಿ ಮುಂದೆ ಹೋಗಬೇಡಿ, ಬಿಚ್ಚಿಸಿ ಒಳಗೆ ನೋಡಿಸಿ.

• ವಾಲ್ವಿನ ಮುಚ್ಚಳ ಕಳೆದುಹೋಗಿದ್ದರೆ ಇವತ್ತೇ ಹಾಕಿಸಿ. ಕ್ರಷರ್ ದಾರಿಯ ಧೂಳು ವಾಲ್ವಿನೊಳಗೆ ಕೂತರೆ ರಾತ್ರಿಯೆಲ್ಲ ಸದ್ದಿಲ್ಲದೆ ಗಾಳಿ ಸೋರುತ್ತದೆ. ಐದು ರೂಪಾಯಿಯ ಮುಚ್ಚಳದ ಸೋಮಾರಿತನ ಇದು.

• ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಮನೆಯಲ್ಲಿ ಉಪ್ಪಿನ ಡಬ್ಬಿ ಮುಗಿಯುವ ಮೊದಲೇ ನೋಡಿಕೊಳ್ಳುವ ಹಾಗೆ ಇದನ್ನೂ ನೋಡಿಕೊಳ್ಳಬೇಕು. ಬೇಕಾದ ಹೊತ್ತಿಗೆ ಅದೂ ಇಳಿದಿದ್ದರೆ ನಡುರಾತ್ರಿ ಯಾರ ಬಾಗಿಲು ತಟ್ಟುತ್ತೀರಿ?

ಜೋಡಿ ಟೈರಿನ ಆರೈಕೆ

• ಜೋಡಿಯ ಎರಡೂ ಟೈರು ಒಂದೇ ಎತ್ತರ ಇರಲಿ. ಟೆನ್ ಟ್ವೆಂಟಿ ಸೈಜಿನಲ್ಲಿ ಅಡ್ಡಳತೆಯ ವ್ಯತ್ಯಾಸ ಅರ್ಧ ಇಂಚು ದಾಟಬಾರದು. ನೂಲು ಸುತ್ತಿ ಅಳೆದರೆ ಸುತ್ತಳತೆಯಲ್ಲಿ ಒಂದೂವರೆ ಇಂಚು. ದೊಡ್ಡದು ಭಾರ ಹೊತ್ತು ಸಾಯುತ್ತದೆ, ಚಿಕ್ಕದು ರಸ್ತೆ ಕೆರೆದು ಸವೆಯುತ್ತದೆ.

• ಸ್ವಲ್ಪ ವ್ಯತ್ಯಾಸ ಇದ್ದೇ ಇದೆ ಅಂದರೆ ಚಿಕ್ಕದನ್ನು ಒಳಗೆ ಹಾಕಿಸಿ. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಿರುತ್ತವೆ, ಒಳಗಿನ ಟೈರಿಗೆ ಹೇಗೂ ಭಾರ ಹೆಚ್ಚು.

• ಕ್ವಾರಿಯಿಂದ ಹೊರಬಂದ ಕೂಡಲೇ ಗಾಡಿ ನಿಲ್ಲಿಸಿ ಜೋಡಿ ಟೈರಿನ ಸಂದಿಗೆ ಟಾರ್ಚ್ ಹಾಕಿ. ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿದ್ದರೂ ಪ್ರತಿ ಸುತ್ತಿಗೂ ಎರಡೂ ಪಕ್ಕೆಯನ್ನು ಕೊರೆಯುತ್ತಾ ಹೋಗುತ್ತದೆ. ಕಬ್ಬಿಣದ ಸಲಾಕೆಯಿಂದ ಮೀಟಿ ತೆಗೆಯುವುದು ಎರಡು ನಿಮಿಷದ ಕೆಲಸ. ಬಿಟ್ಟರೆ ಎರಡು ಟೈರಿನ ದುಡ್ಡು.

• ಜೋಡಿಯಲ್ಲಿ ಒಂದು ಹೋದ ಮೇಲೆ "ಇನ್ನೊಂದಿದೆಯಲ್ಲ, ಮುಂದಿನ ಊರಿನವರೆಗೆ ಹೋಗೋಣ" ಅನ್ನಬೇಡಿ. 2,725 ಕೆ.ಜಿ. ಹೊರಬೇಕಾದ ಟೈರಿನ ಮೇಲೆ ಐದು ಟನ್ ಕೂರುತ್ತದೆ. ಮುಂದಿನ ಊರು ಬರುವಷ್ಟರಲ್ಲಿ ಎರಡೂ ಹೋಗಿರುತ್ತವೆ.

• ಟೈರು ಬದಲಿಸಿದ ಮೇಲೆ ಐವತ್ತು ನೂರು ಕಿಲೋಮೀಟರಿಗೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಭಾರ ಬಿದ್ದ ಮೇಲೆ ನಟ್ಟು ಸ್ವಲ್ಪ ಸಡಿಲವಾಗುವುದು ಮಾಮೂಲು. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಅಲುಗಾಡಿದೆ ಎಂದು ತಿಳಿಯಿರಿ.

ಹತ್ತಿಸುವಾಗ, ಕಟ್ಟುವಾಗ

• ಗಟ್ಟಿ ನೆಲ, ಸಮನೆಲ ನೋಡಿ ಟ್ರೇಲರ್ ನಿಲ್ಲಿಸಿ. ಮಷೀನ್ ರ‍್ಯಾಂಪ್ ಏರುವಾಗ ಭಾರವೆಲ್ಲ ಹಿಂದಿನ ಆಕ್ಸಲಿನ ಮೇಲೇ ಬೀಳುತ್ತದೆ. ಹಿಂಬದಿಯ ಕೆಳಗೆ ದಪ್ಪ ಮರದ ದಿಮ್ಮಿ ಕೊಡಿ, ಟೈರಿಗೂ ಪಟ್ಟಾಕ್ಕೂ ಆಸರೆಯಾಗುತ್ತದೆ.

• ಒದ್ದೆಯಾದ ಕಬ್ಬಿಣದ ರ‍್ಯಾಂಪಿನ ಮೇಲೆ ಚೈನ್ ಮಷೀನ್ ಹತ್ತಿಸಬೇಡಿ, ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಮರಳು ಚೆಲ್ಲಿ, ಇಲ್ಲವೇ ಹಲಗೆ ಹಾಸಿ. ಏರುವಾಗ ಮಧ್ಯದಲ್ಲಿ ತಿರುಗಿಸುವ ಆಟ ಬೇಡ.

• ಮಷೀನ್ ಎಲ್ಲಿ ನಿಂತಾಗ ಆಕ್ಸಲ್ ತೂಕಗಳು ಸರಿಬಂದವೋ ಆ ಜಾಗಕ್ಕೆ ಟ್ರೇಲರಿನ ಹಾಸಿನ ಮೇಲೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಒಂದಡಿ ಹಿಂದೆ ಮುಂದೆ ಆದರೂ ಭಾರ ಒಂದು ಆಕ್ಸಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಬೇರೆ ಬೇರೆ ಮಷೀನಿಗೆ ಬೇರೆ ಬೇರೆ ಬಣ್ಣ ಬಳಸಿ, ಹೊಸ ಡ್ರೈವರಿಗೂ ಗೊಂದಲವಾಗುವುದಿಲ್ಲ.

• ಬೂಮ್ ಕೆಳಗಿಳಿಸಿ, ಬಕೆಟ್ಟನ್ನು ಹಾಸಿನ ಮೇಲೆ ಊರಿಸಿ, ಸ್ವಿಂಗ್ ಲಾಕ್ ಹಾಕಿ. ನಾಲ್ಕು ಮೂಲೆಗೂ ಸರಪಳಿ ಬಿಗಿಯಿರಿ. ಬರೀ ಬ್ರೇಕು ನಂಬಿ ಹೊರಟರೆ ತಿರುವಿನಲ್ಲಿ ಮಷೀನ್ ಒಂದು ಬದಿಗೆ ಸರಿಯುತ್ತದೆ, ಆ ಬದಿಯ ಟೈರುಗಳೇ ಪೂರ್ತಿ ಭಾರ ಹೊರಬೇಕಾಗುತ್ತದೆ.

• ಹತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಸರಪಳಿ ಮತ್ತೆ ಎಳೆದು ನೋಡಿ. ಮಷೀನ್ ಕೂತ ಮೇಲೆ ಸರಪಳಿ ಸಡಿಲವಾಗಿಯೇ ಇರುತ್ತದೆ.

• ಎತ್ತರ ಅಳೆದು ಡ್ರೈವರಿಗೆ ಹೇಳಿ. ರೈಲ್ವೆ ಕೆಳಸೇತುವೆ, ಹಳ್ಳಿಯ ಜೋತುಬಿದ್ದ ಕರೆಂಟ್ ತಂತಿ ಎರಡಕ್ಕೂ ನಿಮ್ಮ ಅಂದಾಜು ತಿಳಿಯುವುದಿಲ್ಲ.

ದಾರಿಯಲ್ಲಿ

• ಏಪ್ರಿಲ್, ಮೇ ತಿಂಗಳಲ್ಲಿ ನಸುಕಿನಲ್ಲೇ ಹೊರಡಿ. ನಡುಮಧ್ಯಾಹ್ನ ಮರದ ನೆರಳಲ್ಲಿ ನಿಲ್ಲಿಸಿ ಊಟ ಮಾಡಿ, ಮಲಗಿ. ಭಾರ, ಬಿಸಿಲು, ವೇಗ ಮೂರೂ ಸೇರಿದರೆ ಯಾವ ಟೈರೂ ತಡೆಯುವುದಿಲ್ಲ. ಬಿಸಿಲನ್ನು ನೀವು ಇಳಿಸಲಾರಿರಿ, ಉಳಿದೆರಡನ್ನು ಇಳಿಸಬಹುದು.

• ಎರಡು ಗಂಟೆಗೊಮ್ಮೆ ನಿಲ್ಲಿಸಿ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಟೈರಿಗೂ ಹಬ್ಬಿಗೂ ಅಂಗೈ ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಿದ್ದರೆ ಗಾಳಿ ಇಳಿದಿದೆ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ.

• ಪೆಟ್ರೋಲ್ ಬಂಕಿನಲ್ಲಿ, ಸೈಟಿನ ಗೇಟಿನಲ್ಲಿ ಗಕ್ಕನೆ ತಿರುಗಿಸಬೇಡಿ. ಮೂರು ಆಕ್ಸಲಿನ ಟ್ರೇಲರ್ ತಿರುಗುವಾಗ ಕೊನೆಯ ಗಾಲಿಗಳು ಉರುಳುವುದಿಲ್ಲ, ಅಡ್ಡಡ್ಡ ಉಜ್ಜಿಕೊಂಡು ಬರುತ್ತವೆ. ಡಾಂಬರಿನ ಮೇಲೆ ಬಿದ್ದ ಆ ಕಪ್ಪು ಗೆರೆ ನಿಮ್ಮ ಟೈರಿನ ರಬ್ಬರ್.

• ಘಾಟಿ ಇಳಿಯುವಾಗ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಶಿರಾಡಿಯಲ್ಲಿ ಬ್ರೇಕು ತುಳಿದುಕೊಂಡೇ ಇಳಿದರೆ ಡ್ರಮ್ಮಿನ ಬಿಸಿ ರಿಮ್ಮಿಗೆ ಬಂದು ಟೈರಿನ ಅಂಚು ಸುಡುತ್ತದೆ. ಭಾರ ಹೆಚ್ಚಿದ್ದಷ್ಟೂ ಆ ಬಿಸಿ ಹೆಚ್ಚು. ಇಳಿದ ಮೇಲೆ ಬಿಸಿ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ.

• ಹೊರಡುವ ಮುನ್ನ ದಾರಿ ವಿಚಾರಿಸಿ. ಆಗುಂಬೆ, ಚಾರ್ಮಾಡಿ ದಾರಿಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಮಳೆಗಾಲದಲ್ಲಿ ಸಕಲೇಶಪುರದ ದೋಣಿಗಾಲ್ ಬಳಿ ಗುಡ್ಡ ಕುಸಿದರೆ ಶಿರಾಡಿಯೂ ಬಂದ್. ಅರ್ಧ ದಾರಿಯಲ್ಲಿ 20 ಟನ್ ಹೊತ್ತು ತಿರುಗಿಸಿಕೊಳ್ಳುವ ಜಾಗ ಸಿಗುವುದಿಲ್ಲ.

• ಹಳ್ಳಿಯ ಮೋರಿ, ತೋಟದ ಕಾಲುಸಂಕದಂಥ ಸೇತುವೆ ಕಂಡರೆ ಇಳಿದು ನೋಡಿ, ಊರವರನ್ನು ಕೇಳಿ. ಅನುಮಾನವಿದ್ದರೆ ಮಷೀನನ್ನು ಇತ್ತಲೇ ಇಳಿಸಿ ಬೇರೆ ದಾರಿಯಲ್ಲಿ ನಡೆಸಿಕೊಂಡು ಹೋಗಿ. ಸೇತುವೆ ಊರಿನವರದು, ಅವರ ಮಕ್ಕಳು ಶಾಲೆಗೆ ಹೋಗುವ ದಾರಿ.

ಟೈರು ಕೈಕೊಟ್ಟಾಗ

• ಸಿಡಿದ ಸದ್ದು ಕೇಳಿದ ಕೂಡಲೇ ಬ್ರೇಕು ಒತ್ತಬೇಡಿ. ಸ್ಟೇರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು ಬದಿಗೆ ತನ್ನಿ. ಗಾಬರಿಯ ಬ್ರೇಕಿಗೆ ಟ್ರೇಲರ್ ಹಾರ್ಸನ್ನು ತಳ್ಳಿ ಮಡಚುತ್ತದೆ.

• ಬದಿಗೆ ನಿಲ್ಲಿಸಿದ ಮೇಲೆ ತ್ರಿಕೋನ ಇಡಿ, ಲೈಟು ಹಾಕಿ. ಕಲ್ಲು, ಸೊಪ್ಪು ಇಟ್ಟರೆ ರಾತ್ರಿ ಕಾಣುವುದಿಲ್ಲ, ಹೋಗುವಾಗ ಆ ಕಲ್ಲನ್ನು ಅಲ್ಲೇ ಮರೆತು ಹೋಗುತ್ತೀರಿ.

• ಪಂಚರ್ ಅಂಗಡಿಯಲ್ಲಿ ರಿಂಗ್ ಇರುವ ಗಾಲಿಗೆ ಗಾಳಿ ತುಂಬುವಾಗ ಎದುರಿಗೆ ನಿಲ್ಲಬೇಡಿ, ಕ್ಲೀನರ್ ಹುಡುಗನನ್ನೂ ನಿಲ್ಲಿಸಬೇಡಿ. ರಿಂಗ್ ಸರಿಯಾಗಿ ಕೂರದೆ ಎಗರಿದರೆ ಜೀವ ತೆಗೆಯುತ್ತದೆ. ಜಾಲರಿಯೊಳಗೆ ಇಡಿಸಿ, ಇಲ್ಲದಿದ್ದರೆ ದಪ್ಪ ಸರಪಳಿ ಸುತ್ತಿಸಿ, ಉದ್ದನೆಯ ಪೈಪಿನಿಂದ ದೂರ ನಿಂತು ತುಂಬಿಸಿ. ಅಂಗಡಿಯ ಹುಡುಗನೂ ಯಾರದೋ ಮನೆಯ ಮಗ, ಅವನಿಗೂ ಹೇಳಿ.

• ಲೋಡಿನ ಗಾಡಿಗೆ ಜಾಕ್ ಕೊಡುವಾಗ ಅದರ ಕೆಳಗೆ ಅಗಲವಾದ ಹಲಗೆ ಹಾಕಿ, ಉಳಿದ ಗಾಲಿಗಳಿಗೆ ಕಟ್ಟೆ ಕೊಡಿ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಜಾಕ್ ಒಳಗಿಳಿಯುತ್ತದೆ.

ಕಾಗದ, ದುಡ್ಡು, ಜನ

• ದಂಡದ ಲೆಕ್ಕ ಮೊದಲೇ ತಿಳಿದಿರಲಿ. 2019ರ ತಿದ್ದುಪಡಿಯಾದ ಮೇಲೆ ಕೇಂದ್ರ ಕಾಯ್ದೆಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಅಧಿಕಾರಿ ತೂಕ ಮಾಡಿಸು ಅಂದಾಗ ನಿಲ್ಲಿಸಿ ಮಾಡಿಸದೆ ಓಡಿದರೆ 40,000. ಹೆಚ್ಚಿನ ಭಾರ ಇಳಿಸುವವರೆಗೆ ಗಾಡಿ ಬಿಡುವುದಿಲ್ಲ. ಮಷೀನನ್ನು ಅರ್ಧ ಇಳಿಸುವುದು ಹೇಗೆ, ಹೇಳಿ?

• ಅಗಲವನ್ನೂ ಅಳೆಯಿರಿ. ರಸ್ತೆಯ ವಾಹನಕ್ಕೆ 2.6 ಮೀಟರ್ ಮಿತಿ. 20 ಟನ್ ವರ್ಗದ ಮಷೀನಿನ ಅಗಲ ಚೈನಿನ ಹೊರ ಅಂಚಿನವರೆಗೆ ಸುಮಾರು 2.8 ಮೀಟರ್ ಇರುತ್ತದೆ. ಹೊರಚಾಚಿದರೆ ಅನುಮತಿ ಪಡೆದು, ಕೆಂಪು ಬಾವುಟ, ರಾತ್ರಿಗೆ ಕೆಂಪು ದೀಪ ಕಟ್ಟಿಕೊಂಡೇ ಹೊರಡಿ.

• ಇನ್ಶೂರೆನ್ಸ್ ಕಾಗದ ಓದಿ. ಭಾರ ಮಿತಿ ಮೀರಿದ್ದಾಗ ಅಪಘಾತವಾದರೆ ಕಂಪನಿಯವರು ತಕರಾರು ತೆಗೆಯುತ್ತಾರೆ. ಮೇಲಿರುವ ಮಷೀನಿನ ವಿಮೆ ಬೇರೆ, ಗಾಡಿಯ ವಿಮೆ ಬೇರೆ.

• ಪ್ರತಿ ಟೈರಿಗೂ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಕೊಂಡ ದಿನ, ನಂಬರು, ಯಾವ ಗಾಲಿ, ಎಷ್ಟು ಕಿಲೋಮೀಟರಿಗೆ ಹೋಯಿತು. ಒಂದೇ ಜಾಗದ ಟೈರು ಮತ್ತೆ ಮತ್ತೆ ಹೋಗುತ್ತಿದ್ದರೆ ತಪ್ಪು ಟೈರಿನದ್ದಲ್ಲ, ಆ ಆಕ್ಸಲಿನದ್ದು. ಬರೆದಿಡದಿದ್ದರೆ ಅದು ಗೊತ್ತೇ ಆಗುವುದಿಲ್ಲ.

• ಬಾಡಿಗೆ ಮಾತಾಡುವಾಗಲೇ ಮಷೀನಿನ ತೂಕ ಕೇಳಿ. ನಿಮ್ಮ ಗಾಡಿಗೆ ಹೆಚ್ಚಾದರೆ "ಇದು ನಮ್ಮ ಗಾಡಿಗೆ ಆಗುವುದಿಲ್ಲಣ್ಣಾ" ಅಂತ ಹೇಳಿಬಿಡಿ, ದೊಡ್ಡ ಟ್ರೇಲರಿನವರ ನಂಬರ್ ಕೊಡಿ. ಒಂದು ಬಾಡಿಗೆ ಹೋಗುತ್ತದೆ, ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಮುಂದಿನ ಸಲ ಆ ಕಂಟ್ರಾಕ್ಟರೇ ಹುಡುಕಿಕೊಂಡು ಬರುತ್ತಾನೆ.

• ಡ್ರೈವರ್ "ಗಾಡಿ ಎಳೀತಿಲ್ಲ ಅಕ್ಕಾ, ಭಾರ ಜಾಸ್ತಿ ಇದೆ" ಅಂದರೆ ಗದರಬೇಡಿ. ಸ್ಟೇರಿಂಗ್ ಹಿಡಿದವನಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ. ಬೇಡ ಅನ್ನುವ ಹಕ್ಕು ಅವನಿಗಿರಲಿ, ಆ ದಿನದ ಬಾಟಾ, ಅಂದರೆ ದಿನಭತ್ಯೆ, ಕಡಿಯಬೇಡಿ. ಬಾಟಾ ಕಡಿದರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ.

• ಕೊನೆಯದಾಗಿ, ನಾಳೆ ಬೆಳಿಗ್ಗೆಯೇ ಒಂದು ಕೆಲಸ ಮಾಡಿ. ಆರ್‌ಸಿ ಹಿಡಿದು ಗಾಡಿಯ ಸುತ್ತ ನಡೆಯಿರಿ, ನಾಲ್ಕೂ ಮಿತಿಯನ್ನು ಒಂದು ಕಾಗದದಲ್ಲಿ ಬರೆಯಿರಿ, ಎಲ್ಲಕ್ಕಿಂತ ಚಿಕ್ಕ ಅಂಕೆಗೆ ಕೆಂಪು ಸುತ್ತು ಹಾಕಿ, ಫೋಟೋ ತೆಗೆದು ನಿಮ್ಮ ಡ್ರೈವರಿಗೂ ಬಾಡಿಗೆ ಮಾತಾಡುವವರಿಗೂ ಕಳಿಸಿ. ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಆಮೇಲೆ ಫೋನಿನಲ್ಲಿ ಯಾರು ಎಷ್ಟೇ ಅವಸರ ಮಾಡಿದರೂ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.